ಜಪಾನಿನಿಂದ ಆಡಿಯೋ ಸೆಟ್ ತರುವವರಿಗೆ

"ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದಲ್ಲಿ ಹಳೇ ಆಂಪ್ಲಿಫೈಯರ್ ಚೆನ್ನಾಗಿರೋದು ಸಿಗುತ್ತಂತೆ, ಬರುವಾಗ ಒಂದು ತಗೊಂಡು ಬಾರೋ" ಎಂದು ಊರಿನ ಗೆಳೆಯರು ಕೇಳುತ್ತಿರುತ್ತಾರೆ. ಸಿಗುವುದು ನಿಜ. ಆದರೆ ದುಡ್ಡು ಕೊಡುವ ಮೊದಲು ಪೆಟ್ಟಿಗೆಯ ಹಿಂಬದಿ ಬರೆದಿರುವುದನ್ನು ಓದಲೇಬೇಕು. ಇಲ್ಲಿ ಜಪಾನಿನಲ್ಲಿ ಮನೆಗೆ ಬರುವ ಕರೆಂಟು 100 ವೋಲ್ಟ್, ನಮ್ಮದು 230. ನೇರವಾಗಿ ಹಾಕಿದರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ.

ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ವಾ? ಸಾಕು, ಆದರೆ ಯಾವುದೋ ಒಂದು ಸುಮ್ನೆ ತರಬೇಡಿ. 110 ವೋಲ್ಟಿನದು ಅಮೆರಿಕದ ಸಾಮಾನಿಗೆ ಸರಿ. ಬೆಂಗಳೂರಿನಲ್ಲಿ ಲೈನ್ 240ಕ್ಕೆ ಏರಿದರೆ ಅದು 115ರ ಹತ್ತಿರ ಕೊಡುತ್ತದೆ. ಜಪಾನಿನ ಸೆಟ್ಟಿಗೆ ಅದು ಜಾಸ್ತಿಯಾಯಿತು. 100 ವೋಲ್ಟಿಗೆಂದೇ ಸುತ್ತಿದ್ದನ್ನು ಕೇಳಿ. ಆಂಪ್ಲಿಫೈಯರ್ 150 ವ್ಯಾಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ 300 ವಿಎ (ಅದು ತಾಳುವ ಹೊರೆಯ ಅಳತೆ) ಇರಲಿ.

ನಿಜವಾದ ತೊಡಕು ರೆಕಾರ್ಡ್ ಪ್ಲೇಯರ್‌ನದು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಡುತ್ತದೆ ಎಂಬುದನ್ನು, ಬದಲಿಸುವುದಿಲ್ಲ. ಜಪಾನಿನೊಳಗೇ ಎರಡು ಬಗೆಯ ಕರೆಂಟಿದೆ: ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ನಮ್ಮಲ್ಲಿ 50. ಟೋಕಿಯೋದವರು 1890ರ ದಶಕದಲ್ಲಿ ಜರ್ಮನಿಯ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ್ದು. ಆ ಭೇದ ಇಂದಿಗೂ ಹೋಗಿಲ್ಲ. 2011ರ ಭೂಕಂಪದ ನಂತರ ಟೋಕಿಯೋ ಕಡೆ ಕರೆಂಟಿಲ್ಲದೆ ಒದ್ದಾಡುತ್ತಿದ್ದಾಗಲೂ ಪಶ್ಚಿಮದ ಒಸಾಕಾ ಕಡೆಯಿಂದ ಬೇಕಾದಷ್ಟು ಕಳಿಸಲಾಗಲಿಲ್ಲ.

ಬೆಲ್ಟಿನಿಂದ ತಟ್ಟೆ ತಿರುಗಿಸುವ ಹಳೆಯ ಅನೇಕ ಬೆಲ್ಟ್ ಡ್ರೈವ್ ಪ್ಲೇಯರ್‌ಗಳಲ್ಲಿ ಮೋಟರಿನ ವೇಗ ಹರ್ಟ್ಸ್ ಮೇಲೆಯೇ ನಿಂತಿರುತ್ತದೆ. ಅದಕ್ಕೇ ಮೋಟರಿನ ತುದಿಯ ಪುಟ್ಟ ಪುಲ್ಲಿ 50ಕ್ಕೆ ಒಂದು ಅಳತೆ, 60ಕ್ಕೆ ಇನ್ನೊಂದು. ಒಸಾಕಾದ ಪುಲ್ಲಿ ಇರುವ ಪ್ಲೇಯರನ್ನು ಮೈಸೂರಿನಲ್ಲಿ ಹಾಕಿದರೆ ತಟ್ಟೆ ನಿಮಿಷಕ್ಕೆ 33 ಸುತ್ತಿನ ಬದಲು 28ರಷ್ಟೇ ತಿರುಗುತ್ತದೆ. ಹಾರ್ಮೋನಿಯಂನ ಐದು ಮನೆ ಶ್ರುತಿಯಲ್ಲಿ ಹಾಡಿದ್ದು ಮೂರು ಮನೆಗೆ ಇಳಿದು ಕೇಳುತ್ತದೆ. ಸಂಗೀತ ಬಲ್ಲವರ ಮನೆಯಲ್ಲಿ ಇದನ್ನು ಯಾರು ಸಹಿಸುತ್ತಾರೆ ಹೇಳಿ?

ಹಾಗಾಗಿ ಅಂಗಡಿಯಲ್ಲೇ ತಟ್ಟೆ ಎತ್ತಿಸಿ ಪುಲ್ಲಿ ನೋಡಿ, 50ರದ್ದೇ ಇದೆಯಾ ಎಂದು ಕೇಳಿ. ಬೇಡಪ್ಪ ಈ ರಗಳೆ ಅನಿಸಿದರೆ ಕ್ವಾರ್ಟ್ಸ್ ಲಾಕ್ (ಸ್ಫಟಿಕದಿಂದ ವೇಗ ಹಿಡಿದಿಡುವ ಏರ್ಪಾಡು) ಇರುವ, ಬೆಲ್ಟಿಲ್ಲದೆ ಮೋಟರೇ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್ ತಗೊಳ್ಳಿ. ಅದು ಕರೆಂಟಿನ ಹರ್ಟ್ಸ್ ನಂಬಿ ತಿರುಗುವುದಿಲ್ಲ, 100 ವೋಲ್ಟ್ ಒದಗಿಸಿದರೆ ಆಯಿತು.