ಆಗಲ್ಲ ಅಂತಾದರೂ ಹೇಳಿ

ಬ್ರ್ಯಾಂಡ್ ಕೊಲ್ಯಾಬ್, ಅಂದರೆ ಕಂಪನಿಗಳು ತಮ್ಮ ವಸ್ತುಗಳ ಬಗ್ಗೆ ಬ್ಲಾಗರ್‌ಗಳ ಕೈಲಿ ಬರೆಸುವ ವ್ಯವಹಾರದಲ್ಲಿ, ಯಾರೂ ಯಾರನ್ನೂ ಬೈಯುವುದಿಲ್ಲ. ಮೇಲ್‌ಗಳೆಲ್ಲ ಸಕ್ಕರೆ. 'ನಿಮ್ಮ ಬ್ಲಾಗ್ ಅಂದ್ರೆ ನಮ್ಮ ಟೀಮ್‌ಗೆ ತುಂಬಾ ಇಷ್ಟ', 'ನಿಮ್ಮ ಜೊತೆ ಕೆಲಸ ಮಾಡೋಕೆ ಕಾಯ್ತಾ ಇದ್ದೀವಿ', ಕೊನೆಗೆ ಒಂದು ಸ್ಮೈಲಿ. ಇಷ್ಟೆಲ್ಲ ಸಿಹಿ ಇದ್ದರೂ ಬ್ಲಾಗರ್‌ಗಳು ಒಂದೆಡೆ ಸೇರಿದರೆ ಪಿಆರ್‌ನವರ, ಅಂದರೆ ಕಂಪನಿಗಳ ಪ್ರಚಾರ ನೋಡಿಕೊಳ್ಳುವವರ ಮೇಲೆ ಹರಿಹಾಯುತ್ತಾರೆ, ಪಿಆರ್‌ನವರು ಸೇರಿದರೆ ಬ್ಲಾಗರ್‌ಗಳ ಮೇಲೆ. ನಾನು ನೋಡಿದ ಮಟ್ಟಿಗೆ ಎರಡೂ ಕಡೆಯ ದೂರು ಒಂದೇ. ಉತ್ತರ ಬರಲ್ಲ. ಈ ಕೆಲಸದಲ್ಲಿ ಮರ್ಯಾದೆ ಅಂದರೆ ಉತ್ತರ ಕೊಡುವುದು. ಹೌದಾದರೆ ಹೌದು, ಆಗಲ್ಲ ಅಂದರೆ ಆಗಲ್ಲ, ಅದೂ ಹೊತ್ತಿಗೆ ಸರಿಯಾಗಿ. ಉಳಿದದ್ದೆಲ್ಲ ಆಮೇಲೆ.

ಮೊದಲ ಮೇಲ್‌ನಿಂದಲೇ ಶುರು ಮಾಡೋಣ. ನನಗೆ ಬರುವ ಪಿಚ್‌ಗಳಲ್ಲಿ, ಅಂದರೆ ನಮ್ಮ ಬಗ್ಗೆ ಬರೆಯಿರಿ ಅಂತ ಕೇಳುವ ಮೇಲ್‌ಗಳಲ್ಲಿ, ಒಂದು ಜಾತಿ ಇದೆ. 'ಹಾಯ್' ಅಂತ ಒಂದು ಬಗೆಯ ಅಕ್ಷರದಲ್ಲಿ ಇರುತ್ತದೆ, ನನ್ನ ಹೆಸರು ಮಾತ್ರ ಬೇರೆ ಬಗೆಯ ಅಕ್ಷರದಲ್ಲಿ, ಸ್ವಲ್ಪ ದೊಡ್ಡದಾಗಿ, ಬಣ್ಣವೂ ಒಂದು ಚೂರು ಬೇರೆ. ಎಲ್ಲಿಂದಲೋ ಕಾಪಿ ಮಾಡಿ ತಂದು ಅಂಟಿಸಿದ್ದು ಕಣ್ಣಿಗೆ ಹೊಡೆಯುತ್ತದೆ. ಅದರ ಕೆಳಗೆ 'ನಿಮ್ಮ ಇತ್ತೀಚಿನ ಪೋಸ್ಟ್ ಓದಿ ಖುಷಿಯಾಯಿತು' ಅಂತ ಸಾಲು. ಯಾವ ಪೋಸ್ಟ್? ಹೇಳಲ್ಲ. ಹೆಸರಿನ ಜಾಗದಲ್ಲಿ 'ಫಸ್ಟ್ ನೇಮ್' ಅಂತಲೇ ಉಳಿದುಬಿಟ್ಟ ಮೇಲ್‌ಗಳೂ ಬರುತ್ತವೆ. ಅದಕ್ಕೆ ನಾನು ಸಿಟ್ಟಾಗುವುದಿಲ್ಲ, ನೂರಾರು ಜನಕ್ಕೆ ಒಟ್ಟಿಗೆ ಕಳಿಸುವಾಗ ಆಗುವ ಎಡವಟ್ಟು ಅದು. ಸಿಟ್ಟು ಬರುವುದು ಪೂರ್ತಿ ಓದಿದ ಮೇಲೂ ಇವರಿಗೆ ಏನು ಬೇಕು ಅಂತ ಗೊತ್ತಾಗದೇ ಹೋದಾಗ. ಯಾವ ಬ್ರ್ಯಾಂಡ್, ನನ್ನಿಂದ ಏನು ಬೇಕು, ಯಾವಾಗ ಬೇಕು, ದುಡ್ಡು ಇದೆಯೋ ಇಲ್ಲವೋ. ಇಷ್ಟು ಬರೆದರೆ ಸಾಕು. ಹೊಗಳಿಕೆ ಪೂರ್ತಿ ತೆಗೆದುಹಾಕಿದರೂ ನಡೆಯುತ್ತದೆ.

ಈ ತಲೆನೋವು ಹೊಸದೇನಲ್ಲ. 2007ರ ಅಕ್ಟೋಬರ್‌ನಲ್ಲಿ 'ವೈರ್ಡ್' ಪತ್ರಿಕೆಯ ಸಂಪಾದಕರಾಗಿದ್ದ ಕ್ರಿಸ್ ಆಂಡರ್ಸನ್ ಇದೇ ವಿಷಯಕ್ಕೆ ರೋಸಿಹೋಗಿ, ತಮಗೆ ಸಂಬಂಧವಿಲ್ಲದ ಪ್ರೆಸ್ ರಿಲೀಸ್ ಕಳಿಸಿದವರ ಮೇಲ್ ವಿಳಾಸಗಳನ್ನು ತಮ್ಮ ಬ್ಲಾಗ್‌ನಲ್ಲಿ ಉದ್ದಕ್ಕೆ ಪಟ್ಟಿ ಮಾಡಿ ಹಾಕಿದ್ದರು. ಇವರೆಲ್ಲರನ್ನೂ ಬ್ಲಾಕ್ ಮಾಡಿದ್ದೇನೆ ಅಂತ ಘೋಷಣೆ ಬೇರೆ. ಆಗ ದೊಡ್ಡ ಗಲಾಟೆಯಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಪಟ್ಟಿ ಹಾಕಿದ್ದು ಮಾತ್ರ ಇವತ್ತಿಗೂ ಸರಿ ಅನ್ನಿಸಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಅದಕ್ಕೆ ಮೊದಲು ಪಿಆರ್‌ನವರ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಬೇಕು. ನಮಗೆ ಮೇಲ್ ಬರೆಯುವ ಆ ಹುಡುಗನೋ ಹುಡುಗಿಯೋ ಬ್ರ್ಯಾಂಡ್‌ನ ಯಜಮಾನರಲ್ಲ. ಎಷ್ಟೋ ಸಲ ಬ್ರ್ಯಾಂಡ್‌ನವರೂ ಅಲ್ಲ, ಏಜೆನ್ಸಿಯವರು. ಬಜೆಟ್ ಕ್ಲೈಂಟ್‌ನ ಕೈಯಲ್ಲಿ. ಯಾರಿಗೆ ಮೇಲ್ ಮಾಡಬೇಕು ಅನ್ನುವ ಪಟ್ಟಿ ಮೇಲಿನವರ ಕೈಯಲ್ಲಿ. ಕೊನೆಗೆ 'ಎಷ್ಟು ಜನ ಬರೆದರು?' ಅಂತ ಕವರೇಜ್ ರಿಪೋರ್ಟ್ ಕೇಳುವುದು ಮಾತ್ರ ಈ ಹುಡುಗಿಯನ್ನು. ಮೂರನೇ ಸಲ 'ಜಸ್ಟ್ ಫಾಲೋ ಅಪ್ ಮಾಡ್ತಿದ್ದೀನಿ' ಅಂತ ಬರೆದಿದ್ದಾಳೆ ಅಂದರೆ, ಅವಳ ತಲೆಯ ಮೇಲೆ ಯಾರೋ ನಿಂತು 'ಏನಾಯ್ತು, ಏನಾಯ್ತು' ಅಂತಿದ್ದಾರೆ ಅಂತಲೇ ಅರ್ಥ. ಅವಳ ಮೇಲೆ ಕೂಗಾಡಿ ಏನೂ ಗಿಟ್ಟುವುದಿಲ್ಲ. ಆದರೆ ನನಗೆ ಆಸಕ್ತಿ ಇಲ್ಲ ಅಂತ ಒಂದು ಸಾಲು ಬರೆದರೆ ಅವಳು ನನ್ನ ಹೆಸರಿನ ಮುಂದೆ ಗೀಟು ಹಾಕಿ ಮುಂದಿನವರಿಗೆ ಹೋಗಬಹುದು. ಗುಂಪಿಗೆ ಕಳಿಸಿದ ಮೇಲ್‌ಗೆ ಉತ್ತರ ಕೊಡಬೇಕಿಲ್ಲ, ಅದು ನನ್ನ ಲೆಕ್ಕದಲ್ಲಿ ಕರಪತ್ರ ಇದ್ದ ಹಾಗೆ. ನನ್ನ ಬ್ಲಾಗ್ ಓದಿ, ನನಗೇ ಅಂತ ಬರೆದ ಮೇಲ್‌ಗೆ ಮಾತ್ರ ಉತ್ತರ ಕೊಡಲೇಬೇಕು. ಆಗಲ್ಲ ಅನ್ನುವುದಕ್ಕೆ ಕಾರಣದ ಪುರಾಣ ಬೇಡ. 'ಈ ವಿಷಯ ನಾನು ಬರೆಯಲ್ಲ, ಕೇಳಿದ್ದಕ್ಕೆ ಥ್ಯಾಂಕ್ಸ್.' ಮುಗಿಯಿತು.

ಇನ್ನು ದುಡ್ಡಿನ ಮಾತು. ಇಲ್ಲೇ ಎಲ್ಲರೂ ಅಡ್ಡಗೋಡೆ ಮೇಲೆ ದೀಪ ಇಡುವುದು. ಬ್ಲಾಗರ್ 'ಬಜೆಟ್ ಎಷ್ಟು' ಅಂತ ಕೇಳುತ್ತಾರೆ, ಪಿಆರ್‌ನವರು 'ನಿಮ್ಮ ರೇಟ್ ಕಳಿಸಿ' ಅನ್ನುತ್ತಾರೆ. ರೇಟ್ ಕಳಿಸಿದರೆ ನಾಪತ್ತೆ. ಒಂದೆರಡು ವಾರ ಬಿಟ್ಟು 'ಈ ಸಲ ಬಾರ್ಟರ್ ಮಾತ್ರ' ಅಂತ ಉತ್ತರ. ಅಲ್ರೀ, ಬಾರ್ಟರ್ ಅನ್ನುವುದು ಮೊದಲ ದಿನವೇ ಗೊತ್ತಿತ್ತಲ್ವಾ? ಮೊದಲ ಮೇಲ್‌ನಲ್ಲೇ 'ದುಡ್ಡಿಲ್ಲ, ಪ್ರಾಡಕ್ಟ್ ಮಾತ್ರ ಕಳಿಸ್ತೀವಿ' ಅಂದಿದ್ದರೆ ಯಾರಿಗೂ ಬೇಜಾರಿಲ್ಲ. ಬೇಕಾದವರು ತಗೋತಾರೆ, ಬೇಡದವರು ಬಿಡ್ತಾರೆ. ನಾನೂ ಇಷ್ಟವಾದ ವಸ್ತುವಾದರೆ ದುಡ್ಡಿಲ್ಲದೆ ಬರೆದದ್ದುಂಟು. ಆದರೆ 'ನಿಮಗೆ ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ' ಅನ್ನುವ ಮಾತಿಗೆ ಮಾತ್ರ ನಾನು ಸೊಪ್ಪು ಹಾಕುವುದಿಲ್ಲ. ನನ್ನ ಓದುಗರನ್ನು ಹುಡುಕಿಕೊಂಡು ಬಂದವರು ನೀವು, ಓದುಗರನ್ನು ನೀವೇ ಕೊಡ್ತೀವಿ ಅಂದರೆ ಹೇಗೆ?

ನಮ್ಮ ಕಡೆಯವರ ಕಥೆಯೂ ಇದೆ. ಕೇಳದೆ ಮನೆಗೆ ಬಂದ ಪಾರ್ಸೆಲ್‌ಗೆ ಬ್ಲಾಗರ್ ಏನೂ ಬರೆಯಬೇಕಾಗಿಲ್ಲ, ಅದು ಕಳಿಸಿದವರ ಅದೃಷ್ಟಕ್ಕೆ ಬಿಟ್ಟಿದ್ದು. ಕೇಳಿ ತರಿಸಿಕೊಂಡದ್ದು ಹಾಗಲ್ಲ. 'ನನಗೆ ಕಳಿಸಿ, ಬರೀತೀನಿ' ಅಂತ ಹೇಳಿ, ವಿಳಾಸ ಕೊಟ್ಟು, ಪಾರ್ಸೆಲ್ ಬಂದ ಮೇಲೆ ಫೋನ್ ಎತ್ತದೇ ಇರುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಆ ವಸ್ತುವಿನ ಲೆಕ್ಕ ಏಜೆನ್ಸಿಯ ಆ ಹುಡುಗ ಕೊಡಬೇಕು. ಬರೆಯೋಕೆ ಆಗದಂಥ ತೊಂದರೆ ಬಂದರೆ ಬಾಯಿಬಿಟ್ಟು ಹೇಳಿ, ವಾಪಸ್ ಕಳಿಸಲಾ ಅಂತ ಕೇಳಿ. 'ಪರವಾಗಿಲ್ಲ, ಇಟ್ಕೊಳ್ಳಿ' ಅಂತ ಹೇಳುವವರೇ ಜಾಸ್ತಿ. ಆದರೂ ಕೇಳಬೇಕು.

ಈಗ ನಾನು ಜಗಳಕ್ಕೆ ನಿಲ್ಲುವ ಒಂದೇ ವಿಷಯ. 'ಸ್ಪಾನ್ಸರ್ಡ್ ಅಂತ ಹಾಕಬೇಡಿ, ಸಹಜವಾಗಿ ಬರೆದ ಹಾಗೆ ಇರಲಿ' ಅಂತ ನಗುನಗುತ್ತಾ ಕೇಳುವುದು. ಕೇಳುವವರಿಗೆ ಇದು ಸಣ್ಣ ವಿನಂತಿ. ಆದರೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜಾಹೀರಾತು ಶಿಫಾರಸುಗಳ ಕುರಿತ ತನ್ನ ಮಾರ್ಗಸೂಚಿಯಲ್ಲಿ 2009ರಲ್ಲೇ ಬ್ಲಾಗರ್‌ಗಳ ವಿಷಯವನ್ನು ಸೇರಿಸಿದೆ. ದುಡ್ಡು ಸಿಕ್ಕಿದ್ದರೂ ಪುಕ್ಕಟೆ ವಸ್ತು ಸಿಕ್ಕಿದ್ದರೂ ಓದುಗರಿಗೆ ಗೊತ್ತಾಗುವ ಹಾಗೆ ಹೇಳಬೇಕು. 2023ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಭಾರತದಲ್ಲಿ ಜಾಹೀರಾತು ಮಾನದಂಡಗಳ ಮಂಡಳಿ, ಅಂದರೆ ಎಎಸ್‌ಸಿಐ, 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ಮಾರ್ಗಸೂಚಿ ತಂದಿತು. ಸಾರ ಅದೇ, ಜಾಹೀರಾತನ್ನು ಜಾಹೀರಾತು ಅಂತ ಹೇಳಿ. ಇದರಲ್ಲಿ ಹೊಣೆ ಬರೆದವರ ಮೇಲೆ ಮಾತ್ರ ಬೀಳುವುದಿಲ್ಲ, ಬ್ರ್ಯಾಂಡ್ ಮೇಲೂ ಬೀಳುತ್ತದೆ. ಹಾಗಾಗಿ ಮುಚ್ಚಿಡಿ ಅಂತ ಕೇಳುವ ಪಿಆರ್‌ನವರು ನನ್ನನ್ನೂ ಸಿಕ್ಕಿಸುತ್ತಾರೆ, ತಮ್ಮ ಕ್ಲೈಂಟ್‌ನನ್ನೂ ಸಿಕ್ಕಿಸುತ್ತಾರೆ. ಮೊದಲ ಮೇಲ್‌ನಲ್ಲೇ 'ಸ್ಪಾನ್ಸರ್ಡ್ ಅಂತ ನಮೂದಿಸಿ' ಅಂತ ತಾವಾಗಿಯೇ ಬರೆಯುವವರೂ ಇದ್ದಾರೆ. ಅಂಥವರ ಕೆಲಸ ನಾನು ಕಣ್ಣು ಮುಚ್ಚಿ ಒಪ್ಪುತ್ತೇನೆ.

ಲಿಂಕ್‌ಗಳದ್ದೂ ಇದೇ ರಾಮಾಯಣ. ಈ ಲಿಂಕನ್ನು ಹುಡುಕಾಟದ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಹೇಳುವ ನೋಫಾಲೋ ಅನ್ನುವ ಗುರುತನ್ನು ಗೂಗಲ್ 2005ರಲ್ಲೇ ತಂದಿತ್ತು, 2016ರ ಮಾರ್ಚ್‌ನಲ್ಲಿ ಪುಕ್ಕಟೆ ವಸ್ತು ಪಡೆದು ಬರೆಯುವ ಬ್ಲಾಗರ್‌ಗಳು ಅದನ್ನು ಬಳಸಬೇಕು ಅಂತ ಬಿಡಿಸಿ ಹೇಳಿತು, 2019ರಲ್ಲಿ ಸ್ಪಾನ್ಸರ್ಡ್ ಅನ್ನುವ ಇನ್ನೊಂದು ಗುರುತನ್ನೂ ಸೇರಿಸಿತು. ಇಷ್ಟಾದರೂ 'ಡೂ ಫಾಲೋ ಲಿಂಕ್ ಕಡ್ಡಾಯ, ಜೀವನಪರ್ಯಂತ' ಅನ್ನುವ, ಅಂದರೆ ಆ ಗುರುತೇ ಇಲ್ಲದ ಲಿಂಕ್ ಕೇಳುವ ಮೇಲ್‌ಗಳು ಈಗಲೂ ಬರುತ್ತವೆ. ಅದಕ್ಕೆ ಒಪ್ಪಿ ಗೂಗಲ್ ಹುಡುಕಾಟದಲ್ಲಿ ಹಿಂದೆ ಬಿದ್ದರೆ ನನ್ನ ಬ್ಲಾಗ್ ಬೀಳುತ್ತದೆ, ಕೇಳಿದವರು ಮೆತ್ತಗೆ ಕೈ ತೊಳೆದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತಾರೆ.

ಡ್ರಾಫ್ಟ್ ತೋರಿಸಬೇಕಾ ಬೇಡ್ವಾ? ದುಡ್ಡು ಕೊಟ್ಟು ಬರೆಸುವ ಜಾಹೀರಾತು ಪೋಸ್ಟ್ ಆದರೆ ತೋರಿಸಿ, ಅದು ಅವರ ದುಡ್ಡು. ಆದರೆ ಎಷ್ಟು ಸಲ ತಿದ್ದುವುದು ಅಂತ ಮೊದಲೇ ಮಾತಾಡಿಕೊಂಡಿರಬೇಕು. ಇಲ್ಲದಿದ್ದರೆ ಮೊದಲು ಮಾರ್ಕೆಟಿಂಗ್‌ನವರು ತಿದ್ದುತ್ತಾರೆ, ಆಮೇಲೆ ಕಾನೂನು ವಿಭಾಗದವರು, ಕೊನೆಗೆ ಯಾರೋ ದೊಡ್ಡವರು ರಜೆಯಿಂದ ಬಂದು 'ಮೊದಲಿನದೇ ಚೆನ್ನಾಗಿತ್ತು' ಅನ್ನುತ್ತಾರೆ. ಸುಮ್ನೆ ವಸ್ತು ಕಳಿಸಿ 'ನಿಮ್ಮ ಅಭಿಪ್ರಾಯ ಬರೆಯಿರಿ' ಅಂದಿದ್ದರೆ ಡ್ರಾಫ್ಟ್ ಕೇಳುವ ಹಕ್ಕು ಅವರಿಗಿಲ್ಲ. ಅಳತೆ, ಬೆಲೆ, ಹೆಸರಿನ ಕಾಗುಣಿತ ಇಂಥವನ್ನು ನಾನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಅಭಿಪ್ರಾಯ ನನ್ನದು.

ವಸ್ತು ಚೆನ್ನಾಗಿಲ್ಲದಿದ್ದರೆ? ಇಲ್ಲಿ ನನ್ನ ಪದ್ಧತಿ ಕೆಲವು ಬ್ಲಾಗರ್ ಗೆಳೆಯರಿಗೆ ಹಿಡಿಸುವುದಿಲ್ಲ. ಪೋಸ್ಟ್ ಹಾಕುವ ಮೊದಲು ನಾನು ಪಿಆರ್‌ನವರಿಗೆ ಒಂದು ಮೇಲ್ ಹಾಕುತ್ತೇನೆ. 'ನನ್ನ ಅನುಭವ ಹೀಗಿದೆ, ಇಂಥಿಂಥ ತೊಂದರೆ ಕಂಡಿತು, ನನಗೆ ಬಂದ ಪೀಸ್‌ನಲ್ಲೇ ದೋಷ ಇರಬಹುದಾ? ಇಂಥ ದಿನ ಪೋಸ್ಟ್ ಹಾಕ್ತೀನಿ.' ಇದು ಅನುಮತಿ ಕೇಳುವುದಲ್ಲ, ತಿಳಿಸುವುದು. ಆ ಹುಡುಗಿಗೆ ಕ್ಲೈಂಟ್‌ನಿಂದ ಬೆಳ್ಳಂಬೆಳಗ್ಗೆ ಫೋನ್ ಬಂದು, ಏನಾಗಿದೆ ಅಂತಲೇ ಗೊತ್ತಿಲ್ಲದೆ ಬೈಸಿಕೊಳ್ಳುವುದು ತಪ್ಪುತ್ತದೆ. ಕೆಲವರು ಬೇರೆ ಪೀಸ್ ಕಳಿಸುತ್ತಾರೆ, ಕೆಲವರು ಕಂಪನಿಯ ಉತ್ತರ ಕಳಿಸುತ್ತಾರೆ, ಅದನ್ನೂ ಪೋಸ್ಟ್‌ನಲ್ಲಿ ಸೇರಿಸುತ್ತೇನೆ. 'ದಯವಿಟ್ಟು ಹಾಕಬೇಡಿ' ಅಂತ ಕೇಳುವವರೂ ಉಂಟು. ಕೇಳಲಿ, ಅವರ ಕೆಲಸ ಅದು. ನಾನು ಹಾಕುತ್ತೇನೆ, ನನ್ನ ಕೆಲಸ ಇದು.

ಎಂಬಾರ್ಗೊ ಬಗ್ಗೆ ಜಾಸ್ತಿ ಹೇಳಲ್ಲ. ಇಂಥ ದಿನಕ್ಕೆ ಮೊದಲು ಪ್ರಕಟಿಸಬೇಡಿ ಅನ್ನುವ ಮಾತಿಗೆ ಒಪ್ಪಿಕೊಂಡ ಮೇಲೆ ಉಸಿರೆತ್ತಬಾರದು, ಅಷ್ಟೇ. ಪಿಆರ್‌ನವರು ಕೂಡ ಮೊದಲು ಒಪ್ಪಿಗೆ ಕೇಳಿ ಆಮೇಲೆ ವಿವರ ಕಳಿಸಬೇಕು. ಎಲ್ಲ ವಿವರ ತುಂಬಿ ಕಳಿಸಿ, ಕೊನೆಯ ಸಾಲಿನಲ್ಲಿ 'ಎಂಬಾರ್ಗೊ ಇದೆ' ಅಂದರೆ ನಾನು ಯಾವಾಗ ಒಪ್ಪಿದ್ದೆ?

ಪೋಸ್ಟ್ ಹಾಕಿಯಾದ ಮೇಲೆ ಎರಡೂ ಕಡೆ ಉತ್ಸಾಹ ಇಳಿದಿರುತ್ತದೆ. ಬ್ಲಾಗರ್ ಆದವರು ಲಿಂಕ್ ಕಳಿಸಬೇಕು. ಅವರೇ ಹುಡುಕಿಕೊಳ್ಳಲಿ ಅಂತ ಬಿಡಬಾರದು, ಆ ಲಿಂಕ್ ಸಂಜೆಯೊಳಗೆ ಕವರೇಜ್ ರಿಪೋರ್ಟ್‌ಗೆ ಹೋಗಬೇಕಿರುತ್ತದೆ. ಪಿಆರ್‌ನವರು ಸಿಕ್ಕಿತು ಅಂತ ಹೇಳಿ, ಇನ್‌ವಾಯ್ಸ್ ಯಾರ ಹೆಸರಿಗೆ, ದುಡ್ಡು ಯಾವಾಗ ಬರುತ್ತದೆ ಅಂತ ತಿಳಿಸಬೇಕು. 'ಪ್ರೋಸೆಸ್‌ನಲ್ಲಿದೆ' ಅನ್ನುವುದು ಉತ್ತರವಲ್ಲ. 'ಕ್ಲೈಂಟ್ ಇನ್ನೂ ನಮಗೇ ಕೊಟ್ಟಿಲ್ಲ, ಮುಂದಿನ ತಿಂಗಳು ಆಗಬಹುದು' ಅಂದರೆ ಅದು ಉತ್ತರ. ಕೇಳೋಕೆ ಕಹಿಯಾದರೂ ನಾನು ನನ್ನ ಲೆಕ್ಕ ಹಾಕಿಕೊಳ್ಳಬಹುದು. ಇನ್ನೊಂದು, ಒಂದು ಪೋಸ್ಟ್‌ಗೆ ಅಂತ ತೆಗೆದ ನನ್ನ ಫೋಟೋವನ್ನು ಬ್ರ್ಯಾಂಡ್‌ನವರು ತಮ್ಮ ಜಾಹೀರಾತಿಗೆ ಬಳಸಬೇಕಾದರೆ ಮತ್ತೆ ಕೇಳಬೇಕು, ಅದಕ್ಕೆ ಬೇರೆ ದುಡ್ಡೂ ಆಗುತ್ತದೆ. 'ನಿಮ್ಮನ್ನು ಟ್ಯಾಗ್ ಮಾಡಿದ್ದೀವಲ್ಲ' ಅಂತಾರೆ. ಟ್ಯಾಗ್ ಮಾಡಿದ್ದು ಸಂತೋಷ, ಕೇಳಿದ್ದರೆ ಇನ್ನೂ ಸಂತೋಷ.

ಈಗ ಆಂಡರ್ಸನ್ ಪಟ್ಟಿಯ ವಿಷಯ. ಇವತ್ತು ಅದೇ ಕೆಲಸ ಸ್ಕ್ರೀನ್‌ಶಾಟ್ ರೂಪದಲ್ಲಿ ನಡೆಯುತ್ತಿದೆ. ಪೆದ್ದು ಪಿಚ್ ಒಂದು ಬಂದರೆ ಹೆಸರು, ವಿಳಾಸ ಸಮೇತ ಎತ್ತಿ ಹಾಕಿ ನಗುವುದು. ಬ್ಲಾಗರ್ ಕೇಳಿದ ರೇಟನ್ನು ಏಜೆನ್ಸಿಯವರು ತಮ್ಮ ಗ್ರೂಪ್‌ನಲ್ಲಿ ಹಂಚಿಕೊಂಡು ನಗುವುದೂ ಇದೇ ಜಾತಿ. ನಗು ಬರುತ್ತದೆ ನಿಜ, ನನಗೂ ಬರುತ್ತದೆ. ಆದರೆ ಆ ಮೇಲ್ ಕಳಿಸಿದ್ದು ಕೆಲಸಕ್ಕೆ ಸೇರಿ ತಿಂಗಳೂ ಆಗದ ಯಾರೋ ಆಗಿರುತ್ತಾರೆ. ಪಟ್ಟಿ ಕೊಟ್ಟ, ಬಜೆಟ್ ಕತ್ತರಿಸಿದ, ಡೆಡ್‌ಲೈನ್ ಇಟ್ಟ ದೊಡ್ಡವರ ಹೆಸರು ಎಲ್ಲೂ ಬರುವುದಿಲ್ಲ. ದುಡ್ಡು ಕೊಡದೆ ಸತಾಯಿಸುವವರ ವಿಷಯ ಬೇರೆ. ಅವರ ಬಗ್ಗೆ ಬ್ಲಾಗರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳಲೇಬೇಕು, ನಾನೂ ಹೇಳುತ್ತೇನೆ.

ಈ ಲೈನ್‌ನಲ್ಲಿ ಜನ ಒಂದೇ ಕಡೆ ಕೂರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಇವತ್ತು ಒಂದು ಏಜೆನ್ಸಿ, ನಾಳೆ ಇನ್ನೊಂದು, ನಾಡಿದ್ದು ಬ್ರ್ಯಾಂಡ್‌ನಲ್ಲೇ ಮಾರ್ಕೆಟಿಂಗ್ ಹೆಡ್. ಹೋಗುವಾಗ ತಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ತೆಗೆದುಕೊಂಡು ಹೋಗುತ್ತಾರೆ. ಬರೆಯಲು ಆಗಲ್ಲ ಅಂತ ನಾನು ಹೇಳಿದ್ದ ಒಬ್ಬರು ಬೇರೆ ಕಂಪನಿಗೆ ಹೋದ ಮೇಲೆ ನೆನಪಿಟ್ಟು ಮೇಲ್ ಮಾಡಿದ್ದರು. 'ಆಗ ನೀವು ಬೇಗ ಬೇಡ ಅಂದ್ರಿ, ನಮಗೆ ಬೇರೆಯವರನ್ನ ಹುಡುಕೋಕೆ ಟೈಮ್ ಸಿಕ್ತು' ಅಂತ ಬರೆದು, ಅದರ ಕೆಳಗೇ ಏನು ಬರೆಯಬೇಕು ಅನ್ನುವ ಬ್ರೀಫ್, ದಿನಾಂಕ, ಬಜೆಟ್ ಎಲ್ಲ ಹಾಕಿದ್ದರು. ಆ ಕೆಲಸವೂ ನನಗೆ ಒಗ್ಗುವಂಥದ್ದಾಗಿರಲಿಲ್ಲ. ಅವತ್ತೇ ಉತ್ತರ ಬರೆದು, ಇದಕ್ಕೆ ಸರಿಹೋಗುವ ಇನ್ನೊಬ್ಬ ಬ್ಲಾಗರ್‌ ಹತ್ತಿರ ಕೇಳಿ ಅವರ ಮೇಲ್ ವಿಳಾಸ ಕೊಟ್ಟೆ.