ಸೇತುವೆ ಬಂದ ಮೇಲಿನ ಮೊದಲ ಭೂಮಿ ಹುಣ್ಣಿಮೆ

ನಮ್ಮ ಮಲೆನಾಡಿನ ಗದ್ದೆಯ ಹಬ್ಬವಾದ ಭೂಮಿ ಹುಣ್ಣಿಮೆಯ ಹಿಂದಿನ ದಿನ ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ತವರಿಗೆ ಹೊರಟಾಗ ಸಂಜೆ ಐದು ದಾಟಿತ್ತು. ಹಿಂದಿನ ವರ್ಷವಾಗಿದ್ದರೆ ಆ ಹೊತ್ತಿಗೆ ಹೊರಡುವ ಮಾತೇ ಇರಲಿಲ್ಲ. ಸಾಗರ ದಾಟಿ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲು ಮುಟ್ಟುವಷ್ಟರಲ್ಲಿ ಆಚೆ ದಡಕ್ಕೆ ಒಯ್ಯುವ ಕೊನೆಯ ಲಾಂಚ್ ಹೋಗಿಬಿಡುತ್ತಿತ್ತು, ರಾತ್ರಿಗೆ ಸಾಗರದ ನೆಂಟರ ಮನೆಯೇ ಗತಿಯಾಗುತ್ತಿತ್ತು. ಈ ಸಲ ಕತ್ತಲಲ್ಲೇ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯ ಮೇಲೆ ಹೋದೆವು. 2.44 ಕಿಲೋಮೀಟರ್. ಮಗ ಕಿಟಕಿಯ ಗಾಜು ಇಳಿಸಿ ನೀರು ನೋಡುವಷ್ಟರಲ್ಲಿ ಆಚೆ ದಡ ಬಂದಿತ್ತು.

ಸೇತುವೆಯ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಅಜ್ಜಿಗೆ ಎದೆನೋವು ಬಂದ ರಾತ್ರಿ ನಾನು ಏಳನೆಯ ತರಗತಿಯಲ್ಲಿದ್ದೆ. ಕಂಬಳಿಯಲ್ಲಿ ಹೊತ್ತು ದಡಕ್ಕೆ ತಂದು, ಆಚೆ ದಡದ ದೀಪ ನೋಡುತ್ತಾ ಕುಳಿತಿದ್ದರು. ಬೆಳಗಿನ ಮೊದಲ ಲಾಂಚ್ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿಯ ನೀರು ನಿಂತ ಮೇಲೆ ನಮ್ಮ ಕರೂರು ಸೀಮೆಯಲ್ಲಿ ಇಂಥ ರಾತ್ರಿಯನ್ನು ಕಾಣದ ಮನೆ ಕಡಿಮೆ. ಹಿಂದೆ ಕಾಡು, ಮುಂದೆ ಹಿನ್ನೀರು. ಮಳೆ ತಡವಾದ ವರ್ಷ ನೀರು ತಳ ಕಂಡು, ಲಾಂಚಿಗೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದ ಊರಿನವರು ಒಂದು ಸೇತುವೆಗಾಗಿ 2025ರ ಜುಲೈ 14ರವರೆಗೆ ಕಾದರು.

ಮನೆ ಸೇರಿದಾಗ ಅಮ್ಮ ಜಗಲಿಯಲ್ಲಿ, ಗದ್ದೆಗೆ ಊಟ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರದ ಕೊನೆಯ ಎಳೆ ಎಳೆಯುತ್ತಿದ್ದಳು. ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಿದ ಬುಟ್ಟಿ. ಅದರ ಮೇಲೆ ಅಕ್ಕಿ ಅರೆದ ಬಿಳಿ. ಕುಂಚವೆಂದರೆ ಪುಂಡಿ ನಾರಿನ ತುದಿಯನ್ನು ಜಜ್ಜಿದ್ದು, ಅಷ್ಟೆ. ಅಮ್ಮನಿಗೆ ಈಗ ಕಣ್ಣು ಮಂಜು. ಆದರೂ ಎಳೆಯ ಪಕ್ಕ ಎಳೆ ಕೂರುತ್ತದೆ, ಒಂದಕ್ಕೊಂದು ತಾಗುವುದಿಲ್ಲ. ಅವಳು ಉಸಿರು ಬಿಗಿ ಹಿಡಿದು ಎಳೆದು, ಎಳೆ ಮುಗಿದ ಮೇಲೆ ಬಿಡುವುದನ್ನು ನೋಡುತ್ತಾ ನಾನೂ ಉಸಿರು ಹಿಡಿದಿದ್ದೆ.

ರಾತ್ರಿಯಿಡೀ ಅಡುಗೆ. ಬೆರಕೆ ಸೊಪ್ಪು ಬೇಯಿಸುವ ವಾಸನೆ, ಕಡುಬಿನ ಹಬೆ. ಬೆಳಕು ಹರಿಯುವ ಮೊದಲೇ ದೊಡ್ಡಪ್ಪ ಬುಟ್ಟಿ ಹೊತ್ತು ಗದ್ದೆಗೆ ಇಳಿದರು. ಹೊಡೆ ತುಂಬಿದ ಬತ್ತ ಬಸುರಿ, ಅವಳಿಗೆ ಬಯಕೆಯ ಊಟ. "ಅಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತಾ ಅಂಚಿನುದ್ದಕ್ಕೂ ಬೀರುತ್ತಾ ಹೋದರು. ನಾನು ಚಿಕ್ಕವಳಿದ್ದಾಗ ಆ ಕೂಗಿಗೆ ಪಕ್ಕದ ಗದ್ದೆಯಿಂದ ಮತ್ತೊಂದು ಕೂಗು, ಅದರಾಚೆಯಿಂದ ಇನ್ನೊಂದು ಕೇಳುತ್ತಿತ್ತು. ಈ ಸಲ ಕೇಳಿದ್ದು ಒಂದೇ ಒಂದು, ಅದೂ ದೂರದಿಂದ. ರಸ್ತೆಯಲ್ಲಿ ಸಿಗಂದೂರಿಗೆ ಹೋಗುವ ಕಾರುಗಳ ಬೆಳಕು ತಿರುವಿನಲ್ಲಿ ಗದ್ದೆಯ ಮೇಲೆ ಹಾದು ಹೋಗುತ್ತಿತ್ತು. ಒಂದು ಕಾರು ನಿಂತಿತು. ಇಳಿದವನು ಮೊಬೈಲ್ ಎತ್ತಿ ದೊಡ್ಡಪ್ಪನನ್ನು ಚಿತ್ರೀಕರಿಸಿಕೊಂಡು, ಹೋಂಸ್ಟೇ ಎಲ್ಲಿದೆ ಎಂದು ಕೇಳಿದ. ದೊಡ್ಡಪ್ಪ ಕೈ ತೋರಿಸಿ ಮುಂದೆ ನಡೆದರು.

ಹತ್ತು ಗಂಟೆಗೆ ಇನ್ನೊಬ್ಬರು ಬಂದರು. ಹಬ್ಬದ ದಿನ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವರು ಕಡುಬು ತಿಂದು, ಚೆನ್ನಾಗಿದೆ ಎಂದು ಮನಸಾರೆ ಹೇಳಿ, ಆಮೇಲೆ ತೋಟದ ಮೇಲಿನ ದಿಬ್ಬದ ಮಾತೆತ್ತಿದರು. ಅಲ್ಲಿಂದ ಹಿನ್ನೀರು ಕಾಣುತ್ತದಂತೆ. ಬೆಂಗಳೂರಿನವರೊಬ್ಬರಿಗೆ ಬೇಕಂತೆ.

ಆ ದಿಬ್ಬದಿಂದಲೇ ನಮ್ಮ ತೋಟಕ್ಕೆ ಸೊಪ್ಪು, ಮಾಗಿಯಲ್ಲಿ ಗುಡಿಸಿ ತರುವ ಒಣ ಎಲೆಯ ದರಕು. ದರಕು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆಯ ಬುಡಕ್ಕೆ. ದಿಬ್ಬ ಹೋದರೆ ನಾಲ್ಕೈದು ವರ್ಷದಲ್ಲಿ ತೋಟ ಸೊರಗುತ್ತದೆ. ಇದನ್ನೆಲ್ಲ ದೊಡ್ಡಪ್ಪ ಹೇಳಲಿಲ್ಲ. "ಅದಕ್ಕೆ ಪಹಣಿಯೇ ಇಲ್ಲವಲ್ಲ ಮಾರಾಯರೆ" ಎಂದರು.

"ದಾಖಲೆ ನಾವು ಮಾಡಿಸಿಕೊಳ್ಳುತ್ತೇವೆ. ಮೂರು ತಿಂಗಳು ಸಾಕು. ನೀವು ಈಗ ಒಂದು ಅಗ್ರಿಮೆಂಟಿಗೆ ಸಹಿ ಹಾಕಿ, ಅಡ್ವಾನ್ಸ್ ತೆಗೆದುಕೊಳ್ಳಿ."

ದೊಡ್ಡಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಮುಳುಗಡೆಯಾದಾಗ ಅಜ್ಜ ಒಂದು ಜೋಡಿ ಎತ್ತು, ನಾಲ್ಕು ಮಕ್ಕಳೊಂದಿಗೆ ಮೇಲೆ ಬಂದು ಕಡಿದು ಮಾಡಿದ ಜಾಗ ಅದು. ಅಜ್ಜ ಅರ್ಜಿ ಕೊಟ್ಟರು, ಅಪ್ಪ ಕೊಟ್ಟರು, ದೊಡ್ಡಪ್ಪ ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ. ಅರವತ್ತು ವರ್ಷದಲ್ಲಿ ಆಗದ್ದು ಮೂರು ತಿಂಗಳಲ್ಲಿ ಆಗುತ್ತದೆ ಎಂದು ಒಬ್ಬರು ಜಗಲಿಯಲ್ಲಿ ಕುಳಿತು ಹೇಳುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಬಂದವರ ಮೇಲಲ್ಲ ಆ ಸಿಟ್ಟು. ಸೇತುವೆಗಿಂತ ಮೊದಲು ಹಕ್ಕುಪತ್ರ ಬರಬೇಕಿತ್ತು. ಕೈಯಲ್ಲಿ ಪಹಣಿ ಇದ್ದವನು ಬೇಡ ಎನ್ನಬಲ್ಲ, ಬೇಕಾದರೆ ತಾನೇ ಎರಡು ಕೋಣೆ ಕಟ್ಟಿ ಬಂದವರನ್ನು ಉಳಿಸಿಕೊಳ್ಳಬಲ್ಲ. ಇಲ್ಲದವನು ಸಿಕ್ಕಿದ ದುಡ್ಡು ಸಿಕ್ಕಿತು ಎಂದು ಸಹಿ ಹಾಕುತ್ತಾನೆ. ರಸ್ತೆ ಬದಿಯ ಎರಡು ಮನೆಯವರು ಆಗಲೇ ಹಾಕಿದ್ದರು. ಬೆಳಗ್ಗೆ ಕೂಗು ಕೇಳದ ಗದ್ದೆಗಳಲ್ಲಿ ಅವರದೂ ಇತ್ತು.

"ಯೋಚನೆ ಮಾಡಿ ಹೇಳುತ್ತೇನೆ" ಎಂದರು ದೊಡ್ಡಪ್ಪ. ಬೇಡ ಎನ್ನಲಿಲ್ಲ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಸಾಲವಿದೆ. ನಾನೂ ಬಾಯಿ ಹಾಕಲಿಲ್ಲ. ಶಿವಮೊಗ್ಗದಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡವಳು ನಾನು, ಆ ಸೈಟು ಸಹ ಹಿಂದೆ ಯಾರದೋ ಗದ್ದೆಯಾಗಿತ್ತು.

ಅಂದು ರಾತ್ರಿ ಎಂಟರವರೆಗೂ ಉಳಿದೆ. ನಾಲ್ಕು ಗಂಟೆಗೇ "ಹೊರಡು, ಲಾಂಚ್ ತಪ್ಪುತ್ತದೆ" ಎನ್ನುತ್ತಿದ್ದ ಅಮ್ಮ ಈ ಸಲ ನನ್ನ ಜೊತೆ ಕುಳಿತು ಊಟ ಮಾಡಿದಳು. ಹೊರಡುವಾಗ ದೊಡ್ಡಪ್ಪ ಒಂದು ಪ್ಲಾಸ್ಟಿಕ್ ಚೀಲ ತಂದು ಕೊಟ್ಟರು. ಅಜ್ಜನ ಕಾಲದಿಂದ ಕೊಟ್ಟ ಅರ್ಜಿಗಳ ನಕಲು, ಸ್ವೀಕೃತಿಗಳು, ಮಡಿಕೆಯಲ್ಲಿ ಹರಿದ ಒಂದು ನಕ್ಷೆ.

"ಇದನ್ನೆಲ್ಲ ಸರಿಯಾಗಿ ಜೋಡಿಸಿ ಇನ್ನೊಂದು ಅರ್ಜಿ ಬರೆಸು. ಕೊಡಲು ನಾನೇ ಬರುತ್ತೇನೆ. ಈಗ ಬೆಳಗ್ಗೆ ಹೊರಟರೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರಬಹುದಲ್ಲ."

ಸೇತುವೆಯ ಮೇಲೆ ಮಗ ನಿದ್ದೆ ಹೋಗಿದ್ದ. ಚೀಲ ನನ್ನ ತೊಡೆಯ ಮೇಲಿತ್ತು, ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.