ಚಾರ್ಮಾಡಿಯ ತಿರುವಿನಲ್ಲಿ ಮೊದಲು ಹೆದರಿದ್ದು ಕಾಲು

ಕಳೆದ ಮಳೆಗಾಲದ ಕೊನೆಯಲ್ಲಿ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದೊಯ್ದು, ಮರುದಿನ ಬೆಳಗ್ಗೆ ಉಜಿರೆಯ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯತ್ತ ಹೊರಟಿದ್ದೆ. ಮಳೆ ನಿಂತಿದ್ದರೂ ಮಂಜು ಸರಿದಿರಲಿಲ್ಲ. ಒಂದು ತಿರುವಿನಲ್ಲಿ, ಮುಂದಿನ ಕಾರನ್ನು ಹಿಂದಿಕ್ಕುವ ಆತುರದಲ್ಲಿದ್ದ ಪ್ರವಾಸಿಗರ ವ್ಯಾನೊಂದು ನೇರವಾಗಿ ನಮ್ಮ ಪಾಲಿನ ರಸ್ತೆಗೇ ನುಗ್ಗಿ ಬಂತು. ನಾನು ಬ್ರೇಕ್ ತುಳಿದೆ ಎಂದು ಹೇಳುವುದು ವಾಡಿಕೆ. ನಿಜವಾಗಿ ತುಳಿದದ್ದು ನನ್ನ ಕಾಲು, ನನಗದು ತಿಳಿದದ್ದು ಆಮೇಲೆ. ವ್ಯಾನು ಗೇಣು ಅಂತರದಲ್ಲಿ ಹಾದುಹೋದ ಆ ಗಳಿಗೆಯಲ್ಲಿ ನನ್ನೊಳಗೆ ಭಯವೇ ಇರಲಿಲ್ಲ.

ಭಯ ಬಂದದ್ದು ಇನ್ನಷ್ಟು ತಿರುವುಗಳನ್ನು ದಾಟಿ, ರಸ್ತೆ ಅಗಲವಾದಲ್ಲಿ ಕಾರು ನಿಲ್ಲಿಸಿದ ಮೇಲೆ. ಎಡಮೊಣಕಾಲು ತನ್ನಷ್ಟಕ್ಕೆ ನಡುಗತೊಡಗಿತು, ಅಂಗೈ ಬೆವರಿತು, ಬಾಯಿ ಒಣಗಿ ನಾಲಿಗೆ ಹೊರಳದಾಯಿತು. ಒತ್ತಿ ಹಿಡಿದರೂ ನಿಲ್ಲದ ಆ ಮೊಣಕಾಲನ್ನು ನೋಡಿದಾಗಲೇ ನಾನು ಹೆದರಿದ್ದೇನೆಂದು ನನಗೆ ಗೊತ್ತಾದದ್ದು. ಪಕ್ಕದಲ್ಲಿದ್ದ ಅಮ್ಮ ಗದ್ಗದ ಕಂಠದಲ್ಲಿ, "ಸ್ವಲ್ಪ ಹೊತ್ತು ಇಲ್ಲೇ ನಿಲ್ಲು ಮಾರಾಯ, ಹೊಟ್ಟೆ ತೊಳಸ್ತಾ ಇದೆ" ಎಂದರು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದ್ದು ಇದನ್ನೇ: ಕರಡಿಯನ್ನು ಕಂಡು ಹೆದರಿ ಓಡುತ್ತೇವೆಂಬುದು ತಿರುಗುಮುರುಗಾದ ಮಾತು, ಓಡುವುದರಿಂದ, ನಡುಗುವುದರಿಂದ ಹೆದರುತ್ತೇವೆ, ದೇಹದಲ್ಲಾಗುವ ಬದಲಾವಣೆಯ ಅರಿವೇ ಭಾವ. ಹಿಂದೆ ಓದಿದಾಗ ಇದು ಬುದ್ಧಿವಂತರ ಕುಚೋದ್ಯವೆನಿಸಿತ್ತು. ಘಾಟಿಯಲ್ಲಿ ಕುಳಿತು ಯೋಚಿಸಿದರೆ ಅಲ್ಲಗಳೆಯಲು ಕಾರಣ ಸಿಗಲಿಲ್ಲ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಟ್ಟಾಗ ಹೃದಯದ ಬಡಿತ ಏರುತ್ತದೆ, ಜೀರ್ಣಾಂಗಗಳಿಗೆ ಹರಿಯುವ ರಕ್ತ ಕಡಿಮೆಯಾಗಿ ಸ್ನಾಯುಗಳ ಪಾಲು ಹೆಚ್ಚುತ್ತದೆ. ಅಮ್ಮನ ಹೊಟ್ಟೆ ತೊಳಸಿದ್ದಕ್ಕೂ ನನ್ನ ಕಾಲು ಕುಣಿದದ್ದಕ್ಕೂ ಮೂಲ ಒಂದೇ.

ಆದರೆ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ನೀರ್‌ದೋಸೆಗೆ ಕಾಯುತ್ತ ಕುಳಿತಾಗ ವಿಷಯ ಜಟಿಲವಾಯಿತು. ನಡೆದದ್ದನ್ನು ಕೇಳಿದ ಪಕ್ಕದ ಮೇಜಿನವರೊಬ್ಬರು, "ಘಾಟಿ ಅಂದ ಮೇಲೆ ಇದೆಲ್ಲ ಇದ್ದದ್ದೇ ಸ್ವಾಮಿ" ಎಂದುಬಿಟ್ಟರು. ಅಷ್ಟು ಹೊತ್ತಿಗೆ ಇಳಿಯತೊಡಗಿದ್ದ ಎದೆಬಡಿತ ಮತ್ತೆ ಏರಿತು, ಕಿವಿ ಬಿಸಿಯಾಯಿತು. ಬಡಿತ ಅದೇ, ಬೆವರು ಅದೇ. ಈ ಸಲ ಅದು ಶುದ್ಧ ಸಿಟ್ಟು. ಜೇಮ್ಸರ ವಾದಕ್ಕೆ ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1927ರಲ್ಲಿ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು: ಭಯದಲ್ಲೂ ಕೋಪದಲ್ಲೂ ಒಳಾಂಗಗಳಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ ಆದರೆ, ಯಾವುದು ಯಾವುದೆಂದು ನಮಗೆ ತಿಳಿಯುವುದು ಹೇಗೆ? ನನ್ನ ಮಟ್ಟಿಗೆ ವ್ಯತ್ಯಾಸವಿದ್ದದ್ದು ತೋಳಿನಲ್ಲಿ. ಕಾರಿನಲ್ಲಿ ಸೋತು ಜೋತುಬಿದ್ದಿದ್ದ ಕೈಗಳು ಇಲ್ಲಿ ಮುಷ್ಟಿ ಕಟ್ಟಿದ್ದವು. ಫಿನ್ಲೆಂಡಿನ ಸಂಶೋಧಕ ಲೌರಿ ನುಮ್ಮೆನ್ಮಾ ಮತ್ತು ಸಂಗಡಿಗರು ಸುಮಾರು 700 ಜನರಿಂದ, ಯಾವ ಭಾವ ದೇಹದ ಯಾವ ಭಾಗದಲ್ಲಿ ಅನುಭವಕ್ಕೆ ಬರುತ್ತದೆಂದು ಚಿತ್ರಗಳ ಮೇಲೆ ಬಣ್ಣ ತುಂಬಿಸಿ 2014ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲೂ ಕೋಪ ತೋಳುಗಳಿಗೆ ಎದ್ದುಕಾಣುವಂತೆ ಇಳಿದಿದೆ. ದುಃಖದಲ್ಲಿ ಕೈಕಾಲುಗಳ ಚೈತನ್ಯ ಕುಗ್ಗಿದೆ. ಹೃದಯವನ್ನಷ್ಟೇ ಕೇಳಿದರೆ ಸಾಲದು, ಮೈಯನ್ನೆಲ್ಲ ಕೇಳಬೇಕು ಎಂಬುದು ಆ ನಕ್ಷೆಗಳಿಂದ ನಾನು ತೆಗೆಯುವ ಅರ್ಥ.

ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ಸಾತ್ತ್ವಿಕ ಭಾವಗಳೂ ಮೈಯಲ್ಲಿ ಕಾಣಿಸಿಕೊಳ್ಳುವಂಥವೇ: ಸ್ತಂಭ (ಮೈ ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಮೂರ್ಛೆ). ಇವುಗಳಲ್ಲಿ ಬೆವರು, ನಡುಕ, ಒಡೆದ ದನಿ ಈ ಮೂರನ್ನು ಆ ಬೆಳಗ್ಗೆ ಒಂದೇ ಕಾರಿನಲ್ಲಿ ಕಂಡೆ. ಆದರೆ ಭರತನ ದಾರಿ ಜೇಮ್ಸರಿಗೆ ವಿರುದ್ಧ ದಿಕ್ಕಿನದು. ನಟನ ಮನಸ್ಸು ಏಕಾಗ್ರವಾಗದೆ ಕಣ್ಣೀರಾಗಲಿ ರೋಮಾಂಚವಾಗಲಿ ಹುಟ್ಟದೆಂಬುದು ಅವನ ನಿಲುವು. ರಂಗದ ಮೇಲೆ ಅದು ನಿಜವಿರಬಹುದು, ಘಾಟಿಯಲ್ಲಿ ಏಕಾಗ್ರತೆಗೆ ಪುರುಸೊತ್ತಿರಲಿಲ್ಲ.

ಅಮ್ಮನದು ಮೂರನೆಯ ಪಕ್ಷ. ಊರಿಗೆ ಬಂದ ಮೇಲೆ ನೆಂಟರೆಲ್ಲರಿಗೂ ಅವರು ಹೇಳಿದ್ದು, ತನಗೆ ಒಂಚೂರೂ ಭಯವಾಗಲಿಲ್ಲ, ಬೆಳಗ್ಗೆ ತಿಂದ ಇಡ್ಲಿ ಮಾತ್ರ ಸರಿ ಹೊಂದಲಿಲ್ಲ ಎಂದು. ಅದೇ ಇಡ್ಲಿಯನ್ನು ಅವರಿಗಿಂತ ಎರಡು ಹೆಚ್ಚೇ ತಿಂದಿದ್ದ ನನಗೆ ಹೊಟ್ಟೆಯ ತೊಂದರೆ ಏನೂ ಆಗಿರಲಿಲ್ಲವೆಂದು ನಾನು ಹೇಳಲು ಹೋಗಲಿಲ್ಲ.